ಕಟ್ಟು ಹಲವು, ಪಟ್ಟಿ ಒಂದಿರಲಿ



ವಚನಗಳನ್ನು ನಾವು ಇಂದು ಪುಸ್ತಕದಲ್ಲಿ ಓದುತ್ತೇವೆ, ಸಭೆಗಳಲ್ಲಿ ಹಾಡುತ್ತೇವೆ, ಗಣಕಯಂತ್ರದಲ್ಲಿ ಹುಡುಕುತ್ತೇವೆ. ಆದರೆ ಈ ನುಡಿಗಳು ನಮ್ಮವರೆಗೆ ಬಂದ ಬಗೆ ಹೇಗೆಂದು ಚಿಂತಿಸುವವರು ವಿರಳ. ನಮಗೆ ದೊರೆತಿರುವ ವಚನದ ಓಲೆಕಟ್ಟುಗಳು ಬಸವಾದಿ ಪ್ರಮಥರು ತಾವೇ ಬರೆದಿಟ್ಟವಲ್ಲ. ನಂತರದ ಶತಮಾನಗಳಲ್ಲಿ ಪ್ರತಿಕಾರರು ಪ್ರತಿಯಿಂದ ಪ್ರತಿಗೆ ಎತ್ತಿ ಬರೆದವು. ಓಲೆ ಜೀರ್ಣವಾಗುವ ಮುನ್ನ ಇನ್ನೊಂದು ಓಲೆಗೆ ಇಳಿಸಿದ ಹೆಸರಿಲ್ಲದ ಕೈಗಳ ಕಾಯಕದಿಂದಲೇ ವಚನ ಉಳಿದಿದೆ. ಆ ಕೈಗಳಲ್ಲಿ ಒಂದು ತಪ್ಪಿದ್ದರೂ ಒಬ್ಬ ಶರಣನ ದನಿ ನಮಗೆ ಕೇಳಿಸುತ್ತಿರಲಿಲ್ಲ.

ಸುಮಾರು 1167-68ರಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾದಾಗ ಶರಣರು ದಿಕ್ಕುದಿಕ್ಕಿಗೆ ಚದುರಿದರೆಂದೂ, ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂದೂ ಐತಿಹ್ಯ ಹೇಳುತ್ತದೆ. ಚದುರಿದ ಆ ರಾಶಿಯನ್ನು ಮರಳಿ ಕೂಡಿಸುವ ಮಹತ್ಕಾರ್ಯ ನಡೆದುದು ಹದಿನೈದನೆಯ ಶತಮಾನದಲ್ಲಿ. ವಿಜಯನಗರದ ಪ್ರೌಢದೇವರಾಯನ ಕಾಲದ ನೂರೊಂದು ವಿರಕ್ತರನ್ನು ನಾವು ಭಕ್ತಿಯಿಂದ ಸ್ಮರಿಸುತ್ತೇವೆ. ಆ ಯುಗದಲ್ಲಿಯೂ ಅದರ ಬೆನ್ನಿಗೂ ನಡೆದ ಕೆಲಸವೇನೆಂದು ವಿಚಾರಿಸಿ ನೋಡಿ. ಹಲವು ಕಡೆಗಳ ಓಲೆಗಳನ್ನು ತರಿಸಲಾಯಿತು, ಒಂದನ್ನೊಂದು ಹೋಲಿಸಲಾಯಿತು, ವಚನಗಳನ್ನು ಸ್ಥಲಾನುಸಾರ ವಿಂಗಡಿಸಲಾಯಿತು. ಶೂನ್ಯಸಂಪಾದನೆಯೊಂದನ್ನೇ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಎಂಬ ನಾಲ್ವರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದು ಸಂಗ್ರಹ, ಸೂಚಿ ಮತ್ತು ಸಮನ್ವಯ. ಸಮನ್ವಯವೆಂಬುದು ಗಣಕಯಂತ್ರದೊಡನೆ ನಮ್ಮಲ್ಲಿಗೆ ಬಂದ ಹೊಸ ಮಾತೇನಲ್ಲ. ಅದು ನಮ್ಮ ಪರಂಪರೆಯ ಹಳೆಯ ಕಾಯಕ.

ಆಧುನಿಕ ಕಾಲದಲ್ಲಿ ಈ ಕಾಯಕವನ್ನು ಏಕಾಂಗಿಯಾಗಿ ಹೊತ್ತವರು ಪೂಜ್ಯ ಫ.ಗು. ಹಳಕಟ್ಟಿಯವರು (1880-1964). ವೃತ್ತಿಯಿಂದ ವಕೀಲರಾಗಿದ್ದ ಅವರು ಊರೂರು ಸುತ್ತಿ ಮಠದ ಭಂಡಾರಗಳಲ್ಲಿಯೂ ಭಕ್ತರ ಮನೆಯ ಅಟ್ಟಗಳಲ್ಲಿಯೂ ಇದ್ದ ಓಲೆಗಳನ್ನು ಹುಡುಕಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಕು ಕಂಡಿತು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭವಾಯಿತು. ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ನಿಂತಿತು. ಯಾವ ಊರಿನ ಯಾವ ಮನೆಯಲ್ಲಿ ಯಾವ ಕಟ್ಟು ಇದೆ ಎಂಬ ಪಟ್ಟಿ ಅವರ ತಲೆಯಲ್ಲಿತ್ತು, ಅವರ ಕೈಬರಹದ ಕಾಗದಗಳಲ್ಲಿತ್ತು. ಅಂಥ ಪುಣ್ಯಪುರುಷರು ದಿನಂಪ್ರತಿ ಹುಟ್ಟುವುದಿಲ್ಲ. ಒಬ್ಬರ ತಲೆಯಲ್ಲಿದ್ದ ಪಟ್ಟಿ ಸಮಾಜದ ಪಟ್ಟಿಯಾಗಬೇಕಾದ ಅಗತ್ಯ ಇಲ್ಲಿಯೇ ಇದೆ.

ಅನಂತರ 1993ರಲ್ಲಿ ಕರ್ನಾಟಕ ಸರ್ಕಾರವು ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳು ಒಂದೆಡೆ ಸೇರಿದವು. 2010ರ ದಶಕದಲ್ಲಿ ವಚನ ಸಂಚಯವೆಂಬ ಜಾಲತಾಣದ ಮೂಲಕ ಆ ವಚನಗಳ ಒಂದೊಂದು ಪದವನ್ನೂ ಮನೆಯಲ್ಲಿ ಕುಳಿತು ಹುಡುಕುವ ಅನುಕೂಲ ಒದಗಿತು. ಇದನ್ನು ಕಂಡು ನಮ್ಮಲ್ಲಿ ಅನೇಕರು ವಚನಗಳ ರಕ್ಷಣೆಯ ಕೆಲಸ ಮುಗಿಯಿತೆಂದು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲವೆಂಬುದೇ ಈ ಲೇಖನದ ಮೊದಲ ಮಾತು. ಮುದ್ರಿತವಾದುದು ಸಂಪಾದಕರು ಆಯ್ದು ನಿರ್ಣಯಿಸಿದ ಪಾಠ. ಆ ಪಾಠಕ್ಕೆ ಸಾಕ್ಷಿ ನಿಲ್ಲುವುದು ಓಲೆ. ಸಾಕ್ಷಿ ಅಳಿದ ಮೇಲೆ ಪಾಠಾಂತರದ ಪ್ರಶ್ನೆ ಬಂದರೆ, ಅಂಕಿತದ ಪ್ರಶ್ನೆ ಬಂದರೆ, ಯಾರ ವಚನ ಯಾರದೆಂಬ ಪ್ರಶ್ನೆ ಬಂದರೆ ನಾವು ಯಾವುದನ್ನು ತೋರಿಸಬೇಕು? ಅಲ್ಲದೆ ಕಟ್ಟುಗಳಲ್ಲಿ ವಚನ ಮಾತ್ರವಿರುವುದಿಲ್ಲ. ಟೀಕೆ, ಸ್ವರವಚನ, ಪುರಾಣ, ವೈದ್ಯ, ಜ್ಯೋತಿಷ್ಯ, ಮಠದ ದಾಖಲೆ, ಲೆಕ್ಕದ ಕಡತ ಎಲ್ಲವೂ ಒಂದೇ ಗಂಟಿನಲ್ಲಿ ಕುಳಿತಿರುತ್ತವೆ.

ಈಗ ಕ್ಯಾಮೆರಾದ ಕಾಲ. ಅಂಗೈಯಲ್ಲಿನ ಮೊಬೈಲಿನಿಂದಲೂ ಓಲೆಯ ಛಾಯಾಚಿತ್ರ ತೆಗೆಯಬಹುದು. ವಿಶ್ವವಿದ್ಯಾಲಯಗಳು, ಸರ್ಕಾರದ ಯೋಜನೆಗಳು, ಉತ್ಸಾಹಿ ತರುಣರು ಎಲ್ಲರೂ ಡಿಜಿಟಲೀಕರಣದ ಮಾತನಾಡುತ್ತಾರೆ. ಸಂತೋಷದ ಸಂಗತಿ. ಆದರೆ ಚಿತ್ರ ತೆಗೆಯುವುದು ಈ ಕೆಲಸದ ಸುಲಭವಾದ ಭಾಗ. ಹೆಸರುವಾಸಿಯಾದ ಒಂದು ಕಟ್ಟನ್ನು ಮೂರು ಯೋಜನೆಯವರು ಮೂರು ಸಲ ಬಿಚ್ಚಿ ಚಿತ್ರ ತೆಗೆಯಬಹುದು. ಪಕ್ಕದ ಊರಿನ ಹೆಸರಿಲ್ಲದ ಕಟ್ಟನ್ನು ಒಬ್ಬರೂ ಮುಟ್ಟದಿರಬಹುದು. ಬಿಚ್ಚಿದ ಪ್ರತಿ ಸಲವೂ ಮುಪ್ಪಾದ ಗರಿಯ ಅಂಚು ಒಂದಿಷ್ಟು ಮುರಿಯುತ್ತದೆ ಎಂಬುದನ್ನು ನೆನಪಿಡಬೇಕು. ತೆಗೆದ ಚಿತ್ರಗಳೂ ಕ್ಯಾಮೆರಾ ಕೊಟ್ಟ ಅಂಕಿಯ ಹೆಸರಿನಲ್ಲಿಯೇ ಒಂದು ಹಾರ್ಡ್ ಡಿಸ್ಕಿನೊಳಗೆ ಮಲಗಿದರೆ, ಆ ಡಿಸ್ಕು ಕೆಟ್ಟ ದಿನ ಶ್ರಮವೆಲ್ಲ ಬೂದಿ. ಅಟ್ಟದ ಮೇಲಿನ ಹೆಸರಿಲ್ಲದ ಓಲೆಗೂ ಡಿಸ್ಕಿನೊಳಗಿನ ಹೆಸರಿಲ್ಲದ ಚಿತ್ರಕ್ಕೂ ವ್ಯತ್ಯಾಸವೇನು? ಓಲೆಯಾದರೂ ಮುನ್ನೂರು ವರ್ಷ ತಾಳಿದೆ; ಡಿಸ್ಕು ಹತ್ತು ವರ್ಷ ತಾಳುವ ಭರವಸೆ ಇಲ್ಲ.

ಶರಣರು ಕುರುಹು ಮತ್ತು ಅರಿವು ಎಂಬೆರಡು ಪದಗಳನ್ನು ಮತ್ತೆ ಮತ್ತೆ ಬಳಸಿದ್ದಾರೆ. ಕುರುಹು ಬೇಕು, ಅದಿಲ್ಲದೆ ಸಾಧನೆಯ ಆರಂಭವಿಲ್ಲ. ಆದರೆ ಕುರುಹಿನಲ್ಲಿಯೇ ನಿಂತವನಿಗೆ ಅರಿವು ದೊರೆಯುವುದಿಲ್ಲ. ಛಾಯಾಪ್ರತಿ ಒಂದು ಕುರುಹು. ಅದು ಯಾವ ಊರಿನದು, ಯಾವ ಕಟ್ಟಿನದು, ಎಷ್ಟನೆಯ ಗರಿ, ಯಾರ ಕೃತಿ ಎಂದು ತಿಳಿದಾಗ ಮಾತ್ರ ಅದು ಓದುಗನನ್ನು ಅರಿವಿನ ಕಡೆಗೆ ಒಯ್ಯುತ್ತದೆ. ಲಕ್ಷ ಚಿತ್ರ ತೆಗೆದೆವೆಂದು ಲೆಕ್ಕ ಹೇಳುವುದು ಕುರುಹಿನ ಎಣಿಕೆಯಷ್ಟೇ.

ಈ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ಪಾಠ ಈಗಾಗಲೇ ದೊರೆತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳ್ತನದಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಹಯೋಗದಿಂದ ಭಾರತದ ಡಿಜಿಟಲ್ ಗ್ರಂಥಾಲಯವೆಂಬ ಯೋಜನೆ ನಡೆಯಿತು; 2003ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ಉದ್ಘಾಟಿಸಿದರು. ದೇಶದ ಹಲವು ಕೇಂದ್ರಗಳಲ್ಲಿ ಲಕ್ಷಾಂತರ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಲಾಯಿತು. ಕನ್ನಡದ ಅಲಭ್ಯ ಗ್ರಂಥಗಳು ಎಷ್ಟೋ ಅದರಿಂದ ದೊರೆತವು. ಆ ಉಪಕಾರವನ್ನು ಮರೆಯಲಾಗದು. ಆದರೆ ಕನ್ನಡ ಪುಸ್ತಕದ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದ ಕಾರಣ ಇರುವ ಪುಸ್ತಕವೂ ಹುಡುಕಿದವನಿಗೆ ಸಿಗದಾಯಿತು. ಒಂದೇ ಪುಸ್ತಕ ಎರಡೆರಡು ಸಲ ಬಂದಿತು, ಕೆಲವಕ್ಕೆ ಪುಟಗಳೇ ಬಿಟ್ಟುಹೋದವು. ಮುಂದೆ ಪುಸ್ತಕ ಸಂಚಯದ ಕಾರ್ಯಕರ್ತರು ಆ ಹೆಸರುಗಳನ್ನು ಕನ್ನಡಕ್ಕೆ ತಿದ್ದಿ ಹುಡುಕುವಂತೆ ಮಾಡಬೇಕಾಯಿತು. ಆರಂಭದಲ್ಲಿ ಒಂದು ಗಂಟೆ ಕೂಡಿ ಮಾತನಾಡಿ ನಿಯಮ ಮಾಡಿಕೊಳ್ಳದಿದ್ದರೆ ಕೊನೆಯಲ್ಲಿ ಸಾವಿರ ಗಂಟೆ ತಿದ್ದಬೇಕಾಗುತ್ತದೆ.

ಆ ಕಥೆಯ ಉತ್ತರಾರ್ಧವೂ ಬೋಧಪ್ರದ. ಹಕ್ಕುಸ್ವಾಮ್ಯವಿದ್ದ ಪುಸ್ತಕಗಳೂ ಅದರಲ್ಲಿ ಸೇರಿದ್ದವೆಂಬ ಆಕ್ಷೇಪಣೆಯಿಂದ 2017ರಲ್ಲಿ ಆ ಜಾಲತಾಣ ಮುಚ್ಚಿತು. ಆದರೆ ಅಷ್ಟರೊಳಗೆ ಅದರ ಬಹುಭಾಗದ ಪ್ರತಿ ಇಂಟರ್ನೆಟ್ ಆರ್ಕೈವ್ ಎಂಬ ಬೇರೊಂದು ಭಂಡಾರದಲ್ಲಿ ಸೇರಿದ್ದುದರಿಂದ ಪುಸ್ತಕಗಳು ಉಳಿದವು. ಅನುಮತಿಯ ಪ್ರಶ್ನೆಯನ್ನು ಮೊದಲೇ ಬಗೆಹರಿಸಬೇಕು, ಪ್ರತಿ ಒಂದೆಡೆ ಮಾತ್ರ ಇರಬಾರದು ಎಂಬ ಎರಡು ನೀತಿಗಳನ್ನು ಇದರಿಂದ ಕಲಿಯಬೇಕು.

ಈಗ ಈ ಮಾತನ್ನು ನಮ್ಮ ನೆಲಕ್ಕೆ ತಂದು ನೋಡೋಣ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಶರಣ ಸಾಹಿತ್ಯಕ್ಕೆ ಹೊರಗಿನವಲ್ಲ. ಏಕಾಂತದ ರಾಮಯ್ಯ ಆಳಂದದವನು. ಆತನ ಚರಿತ್ರೆಯನ್ನು ಹೇಳುವ, ಸುಮಾರು ಕ್ರಿ.ಶ. 1200ರ ಶಾಸನ ಇರುವುದು ಇಲ್ಲಿಂದ ಬಹುದೂರದ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ. ಆ ಶಾಸನವನ್ನು ಜೆ.ಎಫ್. ಫ್ಲೀಟರು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಹರಿಹರ ಕವಿ ಬರೆದ ರಗಳೆ ಓಲೆಗಳಲ್ಲಿ ಉಳಿದು ಬಂದಿತು. ರಾಮಯ್ಯನ ವಚನಗಳು ಬೇರೆ ಸಂಕಲನಗಳಲ್ಲಿ ಸೇರಿವೆ. ಊರು ಒಂದು ಕಡೆ, ಕಲ್ಲು ಒಂದು ಕಡೆ, ಓಲೆ ಮತ್ತೊಂದು ಕಡೆ. ಒಬ್ಬ ಶರಣನನ್ನು ಪೂರ್ಣವಾಗಿ ನೋಡಬೇಕಾದರೆ ಈ ಎಲ್ಲವೂ ಒಂದು ದೃಷ್ಟಿಯಲ್ಲಿ ಕೂಡಬೇಕು. ಹಾಗೆಯೇ ಜೇವರ್ಗಿಯ ಷಣ್ಮುಖಸ್ವಾಮಿಗಳು ಹದಿನೇಳನೆಯ ಶತಮಾನದಲ್ಲಿ ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕಿ ವಚನಗಳನ್ನು ರಚಿಸಿ, ಬಸವಯುಗದ ನುಡಿಗೆ ಮರುಜೀವ ಕೊಟ್ಟರು. ಅವರ ಕಾಲ ನಮಗೆ ಸಮೀಪವಾದುದರಿಂದ ಅವರ ವಚನಗಳ ಹಳೆಯ ಪ್ರತಿಗಳನ್ನು ಅರಸುವವರು ಮೊದಲು ನೋಡಬೇಕಾದುದು ಈ ಸುತ್ತಿನ ಮಠಗಳನ್ನೂ ಮನೆಗಳನ್ನೂ.

ಖಜೂರಿಯನ್ನೇ ತೆಗೆದುಕೊಳ್ಳಿ. ಆಳಂದದಿಂದ ಉಮರ್ಗಾಕ್ಕೆ ಹೋಗುವ ದಾರಿಯಲ್ಲಿ ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಗ್ರಾಮವಿದು. ಇಲ್ಲಿನ ಕೋರಣೇಶ್ವರ ಸಂಸ್ಥಾನ ಮಠವು ಸುಮಾರು 350 ವರ್ಷಗಳ ಇತಿಹಾಸವುಳ್ಳದ್ದೆಂದು ಹೇಳಲಾಗುತ್ತದೆ. ಗದಗ ಜಿಲ್ಲೆಯ ಅಸೂಟಿಯಲ್ಲಿ ಅದರ ಶಾಖಾಮಠವಿದೆ. 2020ರಲ್ಲಿ ಆ ಶಾಖಾಮಠಕ್ಕೆ ಮುಸ್ಲಿಂ ಮನೆತನದಲ್ಲಿ ಜನಿಸಿದ ತರುಣರೊಬ್ಬರನ್ನು ಪೀಠಾಧಿಕಾರಿಯನ್ನಾಗಿ ಮಾಡಿದ ಸುದ್ದಿ ನಾಡಿನಾದ್ಯಂತ ಹರಡಿತು. ಒಂದು ಮಠದ ಸಂಬಂಧವು ಜಿಲ್ಲೆಗಳನ್ನು ದಾಟಿ ಹೇಗೆ ಹಬ್ಬಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಮೂಲಮಠದ ಪತ್ರ ಶಾಖಾಮಠದಲ್ಲಿ, ಶಾಖಾಮಠದ ಓಲೆ ಮೂಲಮಠದಲ್ಲಿ ಇರುವುದು ನಮ್ಮ ಮಠಪರಂಪರೆಯಲ್ಲಿ ಸಹಜ. ಜಿಲ್ಲೆಯನ್ನು ಘಟಕವಾಗಿ ಹಿಡಿದು ನಡೆಯುವ ಯೋಜನೆಗೆ ಈ ಕೊಂಡಿ ಕಾಣುವುದಿಲ್ಲ. ಪರಸ್ಪರ ಮಾತನಾಡುವ ಪಟ್ಟಿಗೆ ಮಾತ್ರ ಕಾಣುತ್ತದೆ.

ಗಡಿಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. 1948ರವರೆಗೆ ಆಳಂದ, ಉಮರ್ಗಾ ಎರಡೂ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬಿದ್ದು ಒಂದು ಮೈಸೂರಿಗೆ, ಇನ್ನೊಂದು ಮುಂಬಯಿಗೆ ಸೇರಿತು. ಗೆರೆ ನೆಲದ ಮೇಲೆ ಬಿದ್ದಿತೇ ಹೊರತು ಭಕ್ತರ ಮನೆಯ ಗಂಟಿನ ಮೇಲೆ ಬೀಳಲಿಲ್ಲ. ಒಂದೇ ಮನೆತನದ ಪೆಟ್ಟಿಗೆಯಲ್ಲಿ ಕನ್ನಡದ ಓಲೆ, ಮೋಡಿ ಲಿಪಿಯ ಮರಾಠಿ ಕಾಗದ, ಉರ್ದುವಿನ ಸರ್ಕಾರಿ ಸನದು ಒಟ್ಟಿಗೆ ಇರುವುದು ಈ ಭಾಗದ ಲಕ್ಷಣ. ಈಗ ಕನ್ನಡದ ಯೋಜನೆಯವರು ಬಂದು ಕನ್ನಡದ್ದನ್ನು ಮಾತ್ರ, ಮರಾಠಿಯವರು ಬಂದು ಮೋಡಿಯದ್ದನ್ನು ಮಾತ್ರ ಚಿತ್ರ ತೆಗೆದರೆ, ಉರ್ದುವಿನದನ್ನು ಓದಬಲ್ಲವರಿಲ್ಲವೆಂದು ಬಿಟ್ಟರೆ, ಆ ಮನೆಯ ಕಥೆ ಮೂರು ಹೋಳಾಗುತ್ತದೆ. ಮಠಕ್ಕೆ ಉಂಬಳಿ ಬಂದ ಸಂಗತಿ ಉರ್ದುವಿನಲ್ಲಿಯೂ, ಆ ಮಠದಲ್ಲಿ ಬರೆದ ಟೀಕೆ ಕನ್ನಡದಲ್ಲಿಯೂ ಇದ್ದಲ್ಲಿ ಒಂದಕ್ಕೊಂದು ಬೆಳಕು ಕೊಡುವುದು ಕೂಡಿ ಇದ್ದಾಗ ಮಾತ್ರ. ಆದುದರಿಂದ ಪೆಟ್ಟಿಗೆಯನ್ನು ಪೆಟ್ಟಿಗೆಯಾಗಿಯೇ ದಾಖಲಿಸಬೇಕು; ಭಾಷೆಯಿಂದ ಒಡೆಯಬಾರದು. ಅಕ್ಕಲಕೋಟೆ, ಸೊಲ್ಲಾಪುರ, ಉಮರ್ಗಾ ಕಡೆಯ ಕನ್ನಡ ಮನೆಗಳ ಕಟ್ಟುಗಳನ್ನು ರಾಜ್ಯದ ಹೊರಗಿನವೆಂದು ಕೈಬಿಡಲೂಬಾರದು. ಸೊನ್ನಲಿಗೆಯ ಸಿದ್ಧರಾಮನನ್ನು ಗಡಿಯಾಚೆಯವನೆಂದು ನಾವು ಬಿಟ್ಟುಕೊಟ್ಟಿದ್ದೇವೆಯೇ?

ಹಾಗಾದರೆ ಸಮನ್ವಯವೆಂದರೆ ಏನು ಮಾಡಬೇಕು? ಕ್ಯಾಮೆರಾಕ್ಕಿಂತ ಮೊದಲು ಒಂದು ವಹಿ ಬೇಕು. ಆ ವಹಿಯಲ್ಲಿ ಪ್ರತಿಯೊಂದು ಕಟ್ಟಿಗೂ ಒಂದು ಸಾಲು. ಊರು, ಇರುವ ಸ್ಥಳ, ಗರಿಗಳ ಸಂಖ್ಯೆ, ಭಾಷೆ, ಲಿಪಿ, ಕೃತಿಯ ಹೆಸರು, ಮೊದಲ ಮತ್ತು ಕೊನೆಯ ಸಾಲು, ಅಂಕಿತ, ಪ್ರತಿಕಾರನ ಹೆಸರು, ಕೊನೆಯಲ್ಲಿ ಬರೆದಿರುವ ಸಂವತ್ಸರ, ಗರಿಗಳ ಸ್ಥಿತಿ ಇಷ್ಟು ಅಂಕಣಗಳು. ಇವೆಲ್ಲಕ್ಕಿಂತ ಮುಖ್ಯವಾದ ಅಂಕಣ ಇನ್ನೊಂದಿದೆ. ಇದರ ಛಾಯಾಪ್ರತಿಯನ್ನು ಈಗಾಗಲೇ ಯಾರಾದರೂ ತೆಗೆದಿದ್ದಾರೆಯೇ, ತೆಗೆದಿದ್ದರೆ ಅದು ಎಲ್ಲಿದೆ ಎಂಬುದು. ಈ ಒಂದು ಅಂಕಣವನ್ನು ಎಲ್ಲ ಸಂಸ್ಥೆಗಳೂ ಪ್ರಾಮಾಣಿಕವಾಗಿ ತುಂಬಿದರೆ ಪುನರಾವರ್ತನೆಯ ಅರ್ಧ ವೆಚ್ಚ ಉಳಿಯುತ್ತದೆ, ಗರಿಗಳ ಆಯುಷ್ಯವೂ ಉಳಿಯುತ್ತದೆ.

ಪ್ರತಿಕಾರನ ಹೆಸರೇಕೆ ಎಂದು ಕೇಳಬಹುದು. ಓಲೆಯ ಕೊನೆಗೆ ಬಹುಮಟ್ಟಿಗೆ ಸಂವತ್ಸರ, ಮಾಸ, ತಿಥಿ ಮಾತ್ರ ಇದ್ದು ಶಕವರ್ಷ ಇರುವುದಿಲ್ಲ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಆ ಓಲೆ ಯಾವ ಶತಮಾನದ್ದೆಂದು ಹೇಳುವುದೇ ಕಷ್ಟ. ಅದೇ ಪ್ರತಿಕಾರನು ಬರೆದ ಇನ್ನೊಂದು ಕಟ್ಟು ಬೇರೊಂದು ಊರಿನಲ್ಲಿದ್ದು ಅದರಲ್ಲಿ ಶಕವರ್ಷವೂ ಇದ್ದರೆ ಎರಡರ ಕಾಲವೂ ಒಮ್ಮೆಗೇ ನಿಶ್ಚಯವಾಗುತ್ತದೆ. ಎರಡು ಊರುಗಳ ಸಾಲುಗಳು ಒಂದೇ ಪಟ್ಟಿಯಲ್ಲಿ ಇರದಿದ್ದರೆ ಈ ಸಂಗತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಪಟ್ಟಿಯಾದ ಮೇಲೆ ಚಿತ್ರ. ಕಟ್ಟಿನ ಮೊದಲ ಚಿತ್ರದಲ್ಲಿ ಅಳತೆಪಟ್ಟಿ, ಬಣ್ಣದ ಪಟ್ಟಿಕೆ, ಕಟ್ಟಿನ ಸಂಖ್ಯೆ ಕಾಣಬೇಕು. ಪ್ರತಿ ಗರಿಯ ಎರಡು ಬದಿಯನ್ನೂ, ಬರಹವಿಲ್ಲದ ಬದಿಯನ್ನು ಸಹ, ಕ್ರಮ ತಪ್ಪದೆ ತೆಗೆಯಬೇಕು. ಮರದ ಹಲಗೆಯನ್ನೂ ಬಿಡಬಾರದು. ಪ್ರತಿ ಚಿತ್ರದ ಹೆಸರಿನಲ್ಲಿಯೇ ಜಿಲ್ಲೆ, ತಾಲ್ಲೂಕು, ಊರು, ಕಟ್ಟು, ಗರಿ, ಬದಿ ಇರಬೇಕು. ಉದಾಹರಣೆಗೆ ಕಲಬುರಗಿ, ಆಳಂದ, ಖಜೂರಿ, ಕಟ್ಟು 7, ಗರಿ 43, ಹಿಂಬದಿ ಎಂಬುದನ್ನು ಎಲ್ಲರೂ ಒಂದೇ ಸಂಕೇತದಲ್ಲಿ ಬರೆದರೆ, ಐವತ್ತು ವರ್ಷದ ಅನಂತರ ಆ ಚಿತ್ರ ಎಲ್ಲಿ ಸಿಕ್ಕರೂ ತನ್ನ ವಿಳಾಸವನ್ನು ತಾನೇ ಹೇಳುತ್ತದೆ. ಒಂದು ಕಾಲದಲ್ಲಿ ನಾವು ಒಬ್ಬೊಬ್ಬರು ಒಂದೊಂದು ಕನ್ನಡ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿ, ಇನ್ನೊಂದು ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಗುರುತುಗಳನ್ನು ಕಂಡು ಬೆರಗಾದುದನ್ನು ಹಲವರು ಬಲ್ಲಿರಿ. ಯೂನಿಕೋಡ್ ಎಂಬ ಒಂದೇ ಶಿಷ್ಟತೆಯನ್ನು ಎಲ್ಲರೂ ಒಪ್ಪಿದ ಮೇಲೆಯೇ ಆ ತೊಂದರೆ ನೀಗಿತು. ಚಿತ್ರಗಳ ವಿಷಯದಲ್ಲಿಯೂ ಅಂಥ ಒಪ್ಪಂದ ಬೇಕು.

ವೆಚ್ಚದ ಭಯ ಬೇಡ. ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳ, ಅಂದರೆ 24 ಮೆಗಾಪಿಕ್ಸೆಲ್‌ನ ಒಂದು ಚಿತ್ರವನ್ನು ಕುಗ್ಗಿಸದೆ ಇಟ್ಟರೆ ಸುಮಾರು 72 ಎಂಬಿ ಸ್ಥಳ ಬೇಕು. 200 ಗರಿಗಳ ಒಂದು ಕಟ್ಟಿಗೆ ಎರಡು ಬದಿ ಸೇರಿ 400 ಚಿತ್ರಗಳು. ಒಟ್ಟು 29 ಜಿಬಿಗೆ ಸಮೀಪ. ಮೂರು ಕಡೆ ಮೂರು ಪ್ರತಿ ಇಟ್ಟರೂ 90 ಜಿಬಿ ದಾಟದು. ಒಂದು ಟಿಬಿಯ ಒಂದು ಡಿಸ್ಕಿನಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಕಟ್ಟುಗಳು ನಿಲ್ಲುತ್ತವೆ. ಜಾತ್ರೆಯ ಒಂದು ದಿನದ ಮಂಟಪದ ಖರ್ಚು ಇದಕ್ಕಿಂತ ಹೆಚ್ಚು. ಕಷ್ಟವಿರುವುದು ಯಂತ್ರದಲ್ಲಲ್ಲ, ಓದಬಲ್ಲ ಕಣ್ಣಿನಲ್ಲಿ. ಹಳಗನ್ನಡದ ಓಲೆಯ ಅಕ್ಷರ, ಮೋಡಿ, ಹಳೆಯ ಉರ್ದು ಬರಹ ಓದಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಚಿತ್ರವನ್ನು ನಾಳೆಯೂ ತೆಗೆಯಬಹುದು. ಪಟ್ಟಿಗೆ ಮಾಹಿತಿ ಹೇಳಬಲ್ಲ ಹಿರಿಯರನ್ನು ನಾಳೆಗೆ ಬಿಡುವಂತಿಲ್ಲ.

ಮಠಗಳ ಮತ್ತು ಮನೆತನಗಳ ಒಂದು ಸಂಕೋಚವನ್ನು ಇಲ್ಲಿ ಗೌರವದಿಂದ ಗಮನಿಸಬೇಕು. ಕಟ್ಟನ್ನು ನೋಡಿ ಕೊಡುತ್ತೇವೆಂದು ಒಯ್ದವರು ಹಿಂದಿರುಗಿಸದ ಅನುಭವ ಎಷ್ಟೋ ಕಡೆ ಇದೆ. ಆ ಕಹಿಯಿಂದ ಬಾಗಿಲು ಮುಚ್ಚಿಕೊಂಡವರನ್ನು ಹಳಿಯುವುದು ನ್ಯಾಯವಲ್ಲ. ಆದುದರಿಂದ ಮೂಲ ಓಲೆ ಮನೆಯ ಹೊಸ್ತಿಲು ದಾಟಬಾರದು, ಕ್ಯಾಮೆರಾವೇ ಮನೆಗೆ ಬರಬೇಕು ಎಂಬುದು ಮೊದಲ ನಿಯಮವಾಗಲಿ. ಬ್ರಿಟಿಷ್ ಲೈಬ್ರರಿಯು 2004ರಿಂದ ನಡೆಸುತ್ತಿರುವ ಅಪಾಯದಂಚಿನ ದಾಖಲೆಗಳ ಯೋಜನೆಯಲ್ಲಿಯೂ ಮೂಲವು ತನ್ನ ನಾಡಿನಲ್ಲಿಯೇ ಉಳಿಯುತ್ತದೆ, ಛಾಯಾಪ್ರತಿ ಮಾತ್ರ ಹೊರಗೆ ಹೋಗುತ್ತದೆ. ಚಿತ್ರಗಳ ಒಂದು ಪೂರ್ಣಪ್ರತಿಯನ್ನು ಒಡೆಯರಿಗೆ ಅದೇ ದಿನ ಕೊಡಬೇಕು. ಪ್ರಕಟಿಸುವಾಗ ಮಠದ ಅಥವಾ ಮನೆತನದ ಹೆಸರನ್ನು ಅವರು ಒಪ್ಪಿದಲ್ಲಿ ಕಾಣಿಸಬೇಕು. ಸಾಲ, ಜಮೀನು, ಜಾತಿಗಳ ವ್ಯಾಜ್ಯವಿರುವ ಕಾಗದಗಳನ್ನು ಎಲ್ಲರಿಗೂ ತೆರೆದಿಡುವ ಅಗತ್ಯವಿಲ್ಲ. ಅವು ಪಟ್ಟಿಯಲ್ಲಿರಲಿ, ಚಿತ್ರ ಭದ್ರವಾಗಿರಲಿ, ತೋರಿಸುವ ಅಧಿಕಾರ ಒಡೆಯರಲ್ಲಿರಲಿ.

ಆದರೆ ಸಂಕೋಚ ಬೇರೆ, ಒಡೆತನದ ಅಭಿಮಾನ ಬೇರೆ. ನಮ್ಮ ಮಠದ ಕಟ್ಟು ನಮ್ಮಲ್ಲಿ ಮಾತ್ರ ಇರಬೇಕು, ಬೇರೆಯವರಿಗೆ ಅದರ ನೆರಳೂ ಕಾಣಬಾರದು ಎಂಬ ಭಾವ ಶರಣಧರ್ಮಕ್ಕೆ ಹೊಂದುವುದಿಲ್ಲವೆಂದು ವಿನಯದಿಂದ ಹೇಳಬೇಕಾಗಿದೆ. ದಾಸೋಹವೆಂದರೆ ಅನ್ನದ ದಾಸೋಹ ಮಾತ್ರವೇ? ಅನ್ನವನ್ನು ಹಂಚಿದರೆ ಪಾತ್ರೆ ಬರಿದಾಗುತ್ತದೆ, ಮತ್ತೆ ತುಂಬಬೇಕು. ಛಾಯಾಪ್ರತಿಯನ್ನು ಹಂಚಿದರೆ ನಮ್ಮಲ್ಲಿರುವುದು ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಕಳೆದುಹೋಗುವ ಭಯ ಮಾತ್ರ ಕಡಿಮೆಯಾಗುತ್ತದೆ. ಭೀಮಾ ನದಿಗೆ 2020ರ ಅಕ್ಟೋಬರಿನಲ್ಲಿ ಬಂದ ಪ್ರವಾಹದಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಗ್ರಾಮಗಳಿಗೆ ನೀರು ನುಗ್ಗಿದುದನ್ನು ನಾವು ಮರೆತಿಲ್ಲ. ನೀರಿಗೆ ಮಠ, ಮನೆ ಎಂಬ ಭೇದವಿಲ್ಲ. ಗೆದ್ದಲಿಗೆ ವಚನ, ಲೆಕ್ಕದ ಕಡತ ಎಂಬ ಭೇದವಿಲ್ಲ. ನದಿಯ ದಂಡೆಯ ಊರಿನಲ್ಲಿ ಒಂದೇ ಪ್ರತಿಯಾಗಿ ಉಳಿದ ಕಟ್ಟು ಪ್ರತಿ ಮಳೆಗಾಲದಲ್ಲಿಯೂ ಪಣಕ್ಕಿಟ್ಟ ಕಟ್ಟೇ ಸರಿ.

ಚದುರಿದ್ದನ್ನು ಮೂಲ ಕದಲಿಸದೆ ಕೂಡಿಸಲು ಸಾಧ್ಯವೆಂಬುದಕ್ಕೆ ಹೊರಲೋಕದಲ್ಲಿ ಮಾದರಿಗಳಿವೆ. ಚೀನಾದ ದುನ್‌ಹುವಾಂಗ್ ಎಂಬಲ್ಲಿನ ಗುಹೆಯೊಂದರಲ್ಲಿ 1900ರಲ್ಲಿ ಸಾವಿರಾರು ಬೌದ್ಧ ಹಸ್ತಪ್ರತಿಗಳು ದೊರೆತವು. ಕೆಲವೇ ವರ್ಷಗಳಲ್ಲಿ ಅವು ಲಂಡನ್, ಪ್ಯಾರಿಸ್, ಬೀಜಿಂಗ್, ಸೇಂಟ್ ಪೀಟರ್ಸ್‌ಬರ್ಗ್ ಮೊದಲಾದ ನಗರಗಳಿಗೆ ಹಂಚಿಹೋದವು. 1994ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಯೋಜನೆಯೊಂದು ಆ ಸಂಸ್ಥೆಗಳನ್ನು ಒಪ್ಪಂದಕ್ಕೆ ತಂದು ಚಿತ್ರಗಳನ್ನು ಒಂದೆಡೆ ನೋಡುವಂತೆ ಮಾಡಿತು. 2011ರಿಂದ ಬೆಳೆದ ಐ.ಐ.ಐ.ಎಫ್. ಎಂಬ ಶಿಷ್ಟತೆಯನ್ನು ಅನುಸರಿಸಿದರೆ, ಮೈಸೂರಿನ ಭಂಡಾರದ ಒಂದು ಗರಿಯನ್ನೂ ವಿಜಯಪುರದ ಭಂಡಾರದ ಒಂದು ಗರಿಯನ್ನೂ ಓದುಗನು ತನ್ನ ಗಣಕಯಂತ್ರದಲ್ಲಿ ಅಕ್ಕಪಕ್ಕ ಇಟ್ಟು ಹೋಲಿಸಬಹುದು. ಎರಡೂ ಚಿತ್ರಗಳು ತಮ್ಮ ತಮ್ಮ ಸಂಸ್ಥೆಯಲ್ಲಿಯೇ ಇರುತ್ತವೆ. ನಮ್ಮ ನಾಡಿನಲ್ಲಿಯೇ 2006ರ ಸುಮಾರಿಗೆ ಉಡುಪಿಯ ಪಲಿಮಾರು ಮಠದ ಸರ್ವಮೂಲ ಗ್ರಂಥದ ಓಲೆಗಳನ್ನು ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ.ಆರ್. ಮುಕುಂದ್ ಮತ್ತು ಅವರ ಸಂಗಡಿಗರು ಚಿತ್ರಿಸಿದರು. ಬರಿಗಣ್ಣಿಗೆ ಕಾಣದಷ್ಟು ಕಪ್ಪಾದ ಅಕ್ಷರಗಳನ್ನು ಅವಗೆಂಪು ಕಿರಣಗಳ ನೆರವಿನಿಂದ ಓದುವಂತಾಯಿತು. ಒಂದು ಮಠ ಬಾಗಿಲು ತೆರೆದುದರ ಫಲವಿದು.

ಹಾಗಾದರೆ ನಮ್ಮ ಭಾಗದಲ್ಲಿ ಯಾರು ಮೊದಲ ಹೆಜ್ಜೆ ಇಡಬೇಕು? 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ದೇಶದಾದ್ಯಂತ ಸಮೀಕ್ಷೆಯ ಕೆಲಸ ಮಾಡಿತು. 2025ರ ಕೇಂದ್ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆಯ ಗುರಿ ಸಾರಲಾಯಿತು. ಹಣ ಮೇಲಿನಿಂದ ಬರಬಹುದು. ಆದರೆ ಖಜೂರಿಯ ಯಾವ ಓಣಿಯ ಯಾವ ಅಟ್ಟದಲ್ಲಿ ಗಂಟಿದೆ ಎಂಬ ತಿಳಿವಳಿಕೆ ದೆಹಲಿಯಿಂದ ಬರಲಾರದು. ಅದು ಜಂಗಮರಿಗೆ, ಊರ ಹಿರಿಯರಿಗೆ, ಶಾಲೆಯ ಮಾಸ್ತರರಿಗೆ ಗೊತ್ತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಇದೆ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಶಾಸ್ತ್ರಕ್ಕೆಂದೇ ವಿಭಾಗವಿದೆ. ಇವರೆಲ್ಲರ ಪಟ್ಟಿಗಳು ಒಂದಕ್ಕೊಂದು ಅರ್ಥವಾಗುವ ರೀತಿಯಲ್ಲಿರಬೇಕು.

ನಮ್ಮ ಸೂಚನೆ ಸರಳವಾದುದು. ಮೂರು ತಾಲ್ಲೂಕುಗಳ ಮಠಗಳು ಒಂದು ಶ್ರಾವಣಮಾಸವನ್ನು ಪಟ್ಟಿಯ ಮಾಸವೆಂದು ಆಚರಿಸಲಿ. ಪ್ರವಚನಕ್ಕೆ ಬಂದ ಭಕ್ತರಿಗೆ, ತಮ್ಮ ಮನೆಯಲ್ಲಿ ಓಲೆ, ಕಡತ, ಹಳೆಯ ಕಾಗದದ ಗಂಟು ಇದ್ದರೆ ತಿಳಿಸಿರೆಂದು ಪ್ರತಿದಿನ ವಿನಂತಿಸಲಿ. ತರಬೇತಾದ ಇಬ್ಬರು ವಿದ್ಯಾರ್ಥಿಗಳು ಮನೆಗೆ ಹೋಗಿ ಸಾಲು ತುಂಬಿ ಬರಲಿ. ಗಂಟನ್ನು ಯಾರೂ ತೊಳೆಯುವುದು, ಎಣ್ಣೆ ಸವರುವುದು, ಬಿಸಿಲಿಗೆ ಹಾಕುವುದು ಬೇಡ. ಅದು ತಿಳಿದವರ ಕೆಲಸ. ಮೊದಲ ವರ್ಷ ಒಂದು ಚಿತ್ರವನ್ನೂ ತೆಗೆಯದಿದ್ದರೂ ಚಿಂತೆಯಿಲ್ಲ. ಪಟ್ಟಿ ಕೈಗೆ ಬಂದ ಮೇಲೆ ಯಾವುದು ಅತಿ ಜೀರ್ಣವಾಗಿದೆ, ಯಾವುದು ಬೇರೆಲ್ಲಿಯೂ ಇಲ್ಲ, ಯಾವುದು ನದಿಯ ದಂಡೆಯಲ್ಲಿದೆ ಎಂಬುದನ್ನು ನೋಡಿ ಅದಕ್ಕೆ ಮೊದಲು ಕ್ಯಾಮೆರಾ ಒಯ್ಯಬಹುದು. ಹೆಸರುವಾಸಿಯಾದುದಕ್ಕೆ ಮೊದಲ ಸ್ಥಾನವಲ್ಲ, ಆಪತ್ತಿನಲ್ಲಿರುವುದಕ್ಕೆ ಮೊದಲ ಸ್ಥಾನ.

ನೂರೊಂದು ವಿರಕ್ತರಿಗೆ ಕ್ಯಾಮೆರಾ ಇರಲಿಲ್ಲ, ವಿದ್ಯುತ್ತಿರಲಿಲ್ಲ, ರಸ್ತೆಗಳೂ ಇರಲಿಲ್ಲ. ಇದ್ದುದು ಕಂಠ, ಓಲೆ ಮತ್ತು ಒಬ್ಬರು ಬರೆದುದನ್ನು ಇನ್ನೊಬ್ಬರು ನೋಡಲೆಂಬ ಮನಸ್ಸು. ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲ. ಆ ಮನಸ್ಸೊಂದು ನಮ್ಮ ಮಠಮಾನ್ಯಗಳಲ್ಲಿಯೂ ಸಂಸ್ಥೆಗಳಲ್ಲಿಯೂ ಮನೆಮನೆಗಳಲ್ಲಿಯೂ ಮೂಡಲೆಂದು ಪ್ರಾರ್ಥಿಸುತ್ತೇವೆ. ನಿಮ್ಮ ಮನೆಯ ಅಟ್ಟದಲ್ಲಿ ಹಲಗೆಗಳ ನಡುವೆ ದಾರ ಸುತ್ತಿದ ಕಟ್ಟೊಂದು ಇದ್ದರೆ ಇಂದೇ ಒಂದು ಕಾಗದ ತೆಗೆದುಕೊಂಡು ಊರು, ಗರಿಗಳ ಸಂಖ್ಯೆ, ಮೊದಲ ಸಾಲು ಇಷ್ಟನ್ನು ಬರೆದಿಡಿರಿ. ಪಟ್ಟಿಯ ಮೊದಲ ಸಾಲು ಅದೇ ಆಗಲಿ.